ಲೋರ್ನಾ ಕಾಯ್ದ ಮೇಜು

ಆ ಹಾಳೆ ಒರಿನ್ ಪಿಂಕ್‌ಹ್ಯಾಮ್‌ನ ಕೈಗೆ ಸಿಕ್ಕಿದ್ದು ಮಾರ್ಚ್ ತಿಂಗಳ ಒಂದು ಶನಿವಾರ ಮಧ್ಯಾಹ್ನ, ಅವನದೇ ಅಡುಗೆಮನೆಯ ಮೇಜಿನ ಮೇಲೆ. ಓವನ್ನಿನಲ್ಲಿ ಬೆಳಗಿನಿಂದ ಕಾಕಂಬಿ ಸುರಿದ ಬೀನ್ಸ್ ಕಾಳು ಬೇಯುತ್ತಿತ್ತು. ಶನಿವಾರ ಆ ಮನೆಯಲ್ಲಿ ಬೇರೆ ಅಡುಗೆ ಆದದ್ದನ್ನು ಯಾರೂ ಕಂಡವರಿಲ್ಲ.

ಮೊದಲ ಹೆಸರು ಓದಿದ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಓದಿದ. ಹೆಸರೇನೂ ಬದಲಾಗಲಿಲ್ಲ. ಲೋರ್ನಾ ಪಿಂಕ್‌ಹ್ಯಾಮ್ ಎಂದೇ ಇತ್ತು. ಜಾಮ್ ಬಾಟಲಿಗಳ ಮುಚ್ಚಳದ ಮೇಲೆ ಮೂವತ್ತೊಂದು ವರ್ಷದಿಂದ ಅವನು ನೋಡುತ್ತ ಬಂದ ಅದೇ ದುಂಡು ಅಕ್ಷರ.

ಹೆಂಡತಿಯ ಸಹಿ ಒಂದು ಹಾಳೆಯ ಮೇಲಿದ್ದರೆ ಯಾರ ಗಂಟು ಹೋಯಿತು ಎನ್ನಬಹುದು. ಇಲ್ಲಿ ಹೋಗುವಂತಿತ್ತು. ಒರಿನ್ ಮೇನ್ ರಾಜ್ಯದ ಉತ್ತರದ ಕಾಡಿನಲ್ಲಿ ಬೇಟೆಯ ಗೈಡು, ಅವನಪ್ಪನೂ ಅದೇ ಆಗಿದ್ದ. ಆಗಸ್ಟ್ ಕೊನೆಯಿಂದ ನಾಲ್ಕು ವಾರ ಕರಡಿಯ ಕಾಲ. ದೂರದೂರಿನವರು ಬಂದು ಅವನ ಐದು ಮರದ ಕೋಣೆಗಳಲ್ಲಿ ಇಳಿಯುತ್ತಾರೆ. ಆ ದಟ್ಟ ಕಾಡಿನಲ್ಲಿ ಸುಮ್ಮನೆ ತಿರುಗಿದರೆ ಕರಡಿಯ ಬಾಲವೂ ಕಾಣದು. ಪೀಪಾಯಿಗೆ ಹಳಸಿದ ಡೋನಟ್ಟು ತುಂಬಿ ಎರೆ ಇಡಬೇಕು, ವಾರಗಟ್ಟಲೆ ಕಾಯಬೇಕು. ಆ ನಾಲ್ಕು ವಾರದ ದುಡಿಮೆಯಲ್ಲೇ ಮನೆಯವರು ಉಳಿದ ವರ್ಷವನ್ನು ದಾಟುತ್ತಿದ್ದರು. ಈಗ ದಕ್ಷಿಣದ ದೊಡ್ಡ ಪಟ್ಟಣ ಪೋರ್ಟ್‌ಲ್ಯಾಂಡ್ ಕಡೆಯವರು ಎರೆ ಇಡುವುದನ್ನೇ ನಿಷೇಧಿಸಬೇಕು, ಅದನ್ನು ಬರುವ ನವೆಂಬರಿನಲ್ಲಿ ಇಡೀ ರಾಜ್ಯದ ಮತಕ್ಕೆ ಹಾಕಬೇಕು ಎಂದು ಸಹಿ ಸಂಗ್ರಹಿಸಿ ಸರ್ಕಾರಕ್ಕೆ ಕೊಟ್ಟಿದ್ದರು. ಎಣಿಸಿ ನೋಡಿದಾಗ ಬೇಕಾದದ್ದಕ್ಕಿಂತ ಹದಿನಾಲ್ಕು ಸಹಿ ಹೆಚ್ಚಿದ್ದವು. ಬರೀ ಹದಿನಾಲ್ಕು.

ಗೈಡುಗಳ ಸಂಘಕ್ಕೆ ಹೋದ ಜೀವ ಬಂದಂತಾಯಿತು. ಹದಿನೈದು ಸಹಿ ಸುಳ್ಳೆಂದು ರದ್ದಾದರೆ ಪ್ರಸ್ತಾವವೇ ಬಿದ್ದಂತೆ. ಊರೂರಿನ ಹಾಳೆಗಳ ಪ್ರತಿ ತರಿಸಿ, ಸುಳ್ಳು ಸಹಿ ಹುಡುಕಿ ಎಂದು ಹಂಚಿದರು. ಟೋಬಿ ಫಾಲ್ಸ್ ಊರಿನ ಹಾಳೆಗಳು ಒರಿನ್‌ನ ಪಾಲಿಗೆ ಬಂದವು. ಹಿಂದಿನ ವಾರವಷ್ಟೇ ಊರ ಸಭೆಯಲ್ಲಿ ಎದ್ದು ನಿಂತು ಅವನು ಗುಡುಗಿದ್ದ. "ಕರಡಿ ಮುಖ ನೋಡದವರು ನಮ್ಮ ಕಾಡಿಗೆ ಕಾನೂನು ಬರೀತಾರೆ. ಬರೀಲಿ. ಆದ್ರೆ ಒಂದೇ ಒಂದು ಸಹೀಲಿ ಮೋಸ ಇದ್ರೂ ನಾನು ಬಿಡೋನಲ್ಲ. ನನ್ನ ಮನೆಯವರೇ ಆಗಿರಲಿ, ಕೋರ್ಟಿಗೆ ಎಳೀತೀನಿ." ಜನ ಚಪ್ಪಾಳೆ ತಟ್ಟಿದ್ದರು. ಲೋರ್ನಾ ಕೂಡ ತಟ್ಟಿದ್ದಳು.

ಅವನು ಹಾಳೆಯ ಕೆಳಕ್ಕೆ ಬೆರಳಾಡಿಸಿದ. ಡೆಲ್ಬರ್ಟ್ ಕ್ರಾಕೆಟ್, ಇವನ ಜೊತೆಯ ಗೈಡು. ಅವನ ಹೆಂಡತಿ. ಪಾದ್ರಿ. ಬಂದೂಕು ರಿಪೇರಿಯವನು. ಅಂಚೆ ಕಚೇರಿಯ ವೇಡಾ. ಒಟ್ಟು ಹತ್ತೊಂಬತ್ತು ಹೆಸರು. ಕರಡಿ ಬೇಟೆ ನಿಲ್ಲಬೇಕೆಂದು ಕನಸಿನಲ್ಲೂ ಹೇಳದ ಹತ್ತೊಂಬತ್ತು ಜನ.

"ಲೋರ್ನಾ," ಎಂದ. "ಇಲ್ಲಿ ಬಾ."

ಲೋರ್ನಾ ಕೈ ಒರೆಸಿಕೊಂಡು ಬಂದು ಬಗ್ಗಿ ನೋಡಿದಳು. "ನನ್ನ ಸಹಿ."

"ಅದು ನಂಗೂ ಕಾಣುತ್ತೆ. ಯಾಕೆ?"

"ಇದೇನು ಹಾಳೆ?"

"ನಮ್ಮ ಹೊಟ್ಟೆ ಮೇಲೆ ಹೊಡೆಯೋ ಹಾಳೆ. ಕರಡಿ ನಿಷೇಧದ್ದು."

ಲೋರ್ನಾ ಕುರ್ಚಿ ಎಳೆದುಕೊಂಡು ಕುಳಿತಳು. ಬೆಂಕಿಗೂಡಿನ ಪಕ್ಕ ಹೆಣಿಗೆ ಹಿಡಿದು ಕೂತಿದ್ದ ಒರಿನ್‌ನ ತಾಯಿ, ಎಂಬತ್ತನಾಲ್ಕರ ಆರ್ಡಿತ್, ಕಡ್ಡಿ ನಿಲ್ಲಿಸಿದಳು. ಮಗಳು ಕೆಂಡ್ರಾ ಹೊರಗೆ ಡೋನಟ್ ಪೀಪಾಯಿ ಉರುಳಿಸಿಟ್ಟು ಒಳಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತಳು.

"ಆ ಹುಡುಗಿ," ಎಂದಳು ಲೋರ್ನಾ ಕೊನೆಗೆ. "ಹೋದ ನವೆಂಬರಲ್ಲಿ, ವೋಟಿನ ದಿನ."

ವೋಟಿನ ದಿನ ಊರ ಸಭಾಂಗಣದಲ್ಲಿ ಹೆಂಗಸರು ಪೈ ಮಾರುವುದು, ಅವರ ಪಕ್ಕದಲ್ಲೇ ಯಾರಾದರೂ ಅರ್ಜಿ ಹಿಡಿದು ಸಹಿಗೆ ಕೂರುವುದು ಅಲ್ಲಿ ಹೊಸದಲ್ಲ. ಆ ವರ್ಷ ಕೂತಿದ್ದವಳು ಇಲೀಸ್ ಎಂಬ ಇಪ್ಪತ್ತೆರಡರ ಹುಡುಗಿ. ಮೇಜು ಸಿಕ್ಕಿದ್ದು ಬಾಗಿಲಿಗೇ, ಗಾಳಿಗೆ ಎದುರಾಗಿ.

"ಬೆಳಗಿಂದ ಒಬ್ಬರೂ ಅವಳ ಕಡೆ ತಿರುಗಿರಲಿಲ್ಲ. ತುಟಿ ನೀಲಿಯಾಗಿತ್ತು, ಒರಿನ್. ಇದೇನಮ್ಮ ಅಂದೆ. ಕರಡಿ ಉಳಿಸೋ ಅರ್ಜಿ ಅಂದ್ಲು. ಕರಡಿ ಉಳಿದ್ರೆ ನಾವು ಉಳೀತೀವಿ ಅಂತ ನೀನೇ ತಾನೆ ದಿನಾ ಹೇಳೋದು. ಒಳ್ಳೇದೇ ಇರ್ಬೇಕು ಅಂತ ಹಾಕಿದೆ."

"ಓದ್ಲಿಲ್ವಾ?"

"ಕನ್ನಡಕ ಪೈ ಮೇಜಿನ ಮೇಲಿತ್ತು."

"ಸರಿ. ಡೆಲ್ಬರ್ಟಿನ ಕನ್ನಡಕ ಎಲ್ಲಿತ್ತು? ಪಾದ್ರೀದು?"

ಲೋರ್ನಾ ತಲೆ ತಗ್ಗಿಸಿದಳು. "ಒಂದು ತುಂಡು ಬಿಸಿ ಪೈ ಕೊಟ್ಟು, ಹೋಗಿ ಆ ಕೊನೇಲಿರೋ ಒಲೆ ಹತ್ರ ಕೂತು ತಿನ್ನು ಅಂದೆ. ಮೇಜು ಬಿಡೋ ಹಾಗಿಲ್ಲ ಅಂದ್ಲು. ನಾನು ನೋಡ್ಕೋತೀನಿ, ಹೋಗು ಅಂದೆ. ಅವಳ ಕುರ್ಚೀಲಿ ನಾನು ಕೂತೆ. ಇಪ್ಪತ್ತು ನಿಮಿಷ ಇರಬಹುದು."

"ಆಮೇಲೆ?"

"ಆಮೇಲೆ ಜನ ಬಂದ್ರು. ಏನು ಲೋರ್ನಾ ಅಂದ್ರು. ಏನೋ ಕರಡೀದು ಅಂದೆ. ಹಾಕಿದ್ರು."

ಕೆಂಡ್ರಾ ಗೋಡೆಗೆ ಒರಗಿದಳು. "ಅಮ್ಮ. ಬೆಳಗಿಂದ ಅವಳಿಗೆ ಒಂದೂ ಬೀಳಲಿಲ್ಲ. ನೀನು ಇಪ್ಪತ್ತು ನಿಮಿಷ ಕೂತು, ನಿಂದೂ ಸೇರಿ ಹತ್ತೊಂಬತ್ತು ಬೀಳಿಸಿದೆ."

"ನಾನೇನು ಬೀಳಿಸ್ಲಿಲ್ಲ. ಸುಮ್ನೆ ಕೂತಿದ್ದೆ."

"ಈ ಊರಲ್ಲಿ ನೀನು ಕೂತ್ರೆ ಸಾಕಲ್ಲ. ನೀನು ಮುಂದಿಟ್ರೆ ಮನೆ ಪತ್ರಕ್ಕೂ ಸಹಿ ಹಾಕ್ತಾರೆ ಇವರು."

ಯಾರೂ ನಗಲಿಲ್ಲ. ಪೋರ್ಟ್‌ಲ್ಯಾಂಡಿನವರು ಇಡೀ ರಾಜ್ಯ ಸುತ್ತಿ ದಾಟಲಾಗದ ಗೆರೆಯನ್ನು ಲೋರ್ನಾ ಪಿಂಕ್‌ಹ್ಯಾಮ್ ಒಂದು ತುಂಡು ಸೇಬಿನ ಪೈ ಕೊಟ್ಟು ದಾಟಿಸಿದ್ದಳು. ಅದು ಎಲ್ಲರ ತಲೆಗೂ ಒಟ್ಟಿಗೇ ಹೋಯಿತು.

ಮೊದಲು ಸುಧಾರಿಸಿಕೊಂಡವಳು ಕೆಂಡ್ರಾ. ಹಾಳೆಯನ್ನು ತಿರುಗಿಸಿ ಹಿಂಬದಿ ಓದಿದಳು. "ಅಪ್ಪ, ಇಲ್ಲಿ ನೋಡು. ಪ್ರತಿ ಸಹೀನೂ ನನ್ನ ಕಣ್ಣೆದುರೇ ಬಿತ್ತು ಅಂತ ಆ ಹುಡುಗಿ ಪ್ರಮಾಣ ಮಾಡಿದ್ದಾಳೆ. ಅವಳು ಒಲೆ ಹತ್ರ ಪೈ ತಿಂತಿದ್ಲು. ಇಡೀ ಹಾಳೆ ಸುಳ್ಳು. ಹತ್ತೊಂಬತ್ತೂ ಹೋಯ್ತು."

ಒರಿನ್‌ನ ಬೆನ್ನು ನೆಟ್ಟಗಾಯಿತು. "ಹೌದಲ್ಲ."

"ಬೇಡ," ಎಂದಳು ಲೋರ್ನಾ.

"ಏನು ಬೇಡ?"

"ಅವಳು ನನ್ನ ಮಾತು ನಂಬಿ ಎದ್ದು ಹೋದ್ಲು. ನಾನೇ ಕಳಿಸಿದ್ದು. ಈಗ ನಾನೇ ಹೋಗಿ, ಸ್ವಾಮಿ ಇವಳು ಅಲ್ಲಿರಲಿಲ್ಲ ಅನ್ಲಾ?"

"ನಿಜ ತಾನೆ?"

"ನಿಜಾನೇ. ನಿಜ ಅಂತ ಎಲ್ಲಾನೂ ಕಕ್ಕೋಕಾಗುತ್ತಾ? ನವೆಂಬರಲ್ಲಿ ವೋಟು ಹಾಕಿ ಸೋಲಿಸಿ. ಮನೆಮನೆಗೆ ನಾನೂ ಬರ್ತೀನಿ."

"ಯಾರ ವೋಟು? ನಾವಿಲ್ಲಿ ಮುನ್ನೂರು ಜನ. ಅಲ್ಲಿ ಒಂದೊಂದು ಬೀದೀಲಿ ಮುನ್ನೂರು ಜನ," ಎಂದಳು ಕೆಂಡ್ರಾ. "ಕರಡಿ ಅಂದ್ರೆ ಅವರಿಗೆ ಮಕ್ಕಳ ಹಾಸಿಗೆ ಮೇಲಿನ ಬೊಂಬೆ. ಎರೆ ಇಟ್ರೆ ತಾಯಿ ಯಾವುದು, ಮರಿ ಯಾವುದು ನೋಡಿ ಹೊಡೀಬಹುದು ಅಂತ ಯಾರಿಗೆ ಹೇಳ್ತೀಯ? ಸೋತ್ರೆ ನಾನು ಎಲ್ಲಿಗೆ ಹೋಗ್ಲಿ? ನಂಗೆ ಬರೋ ಕೆಲಸ ಇದೊಂದೇ."

"ನಿನ್ನ ಕೆಲಸಕ್ಕೆ ಆ ಮಗು ಜೈಲಿಗೆ ಹೋಗ್ಬೇಕಾ?"

"ಮಗು ಅಂತೆ. ನಂಗಿಂತ ನಾಲ್ಕು ವರ್ಷ ಚಿಕ್ಕವಳು, ಅಷ್ಟೇ."

ಲೋರ್ನಾ ಅತ್ತೆಯ ಕಡೆ ತಿರುಗಿದಳು. "ನೀವಾದ್ರೂ ಹೇಳಿ ಅತ್ತೆ."

ಆರ್ಡಿತ್ ಕಡ್ಡಿ ಮತ್ತೆ ಆಡಿಸತೊಡಗಿದಳು. "ಇವನು ಊರ ಮುಂದೆ ಬಾಯಿ ದೊಡ್ಡದು ಮಾಡಿದಾನೆ, ಅದನ್ನ ನುಂಗೋಕಾಗಲ್ಲ. ನೀನು ಆ ಹುಡುಗಿಗೆ ಮಾತು ಕೊಟ್ಟಿದೀಯ, ಅದನ್ನೂ ನುಂಗೋಕಾಗಲ್ಲ. ನನ್ನ ಕೇಳಿದ್ರೆ ನಾನೇನು ಹೇಳ್ಲಿ? ಬೀನ್ಸ್ ಸೀದು ಹೋಗ್ತಿದೆ, ನೋಡು."

ಸೀದೇ ಹೋಗಿತ್ತು. ಆ ಮನೆಯಲ್ಲಿ ಶನಿವಾರದ ಬೀನ್ಸ್ ಸೀದದ್ದು ಅದೇ ಮೊದಲು. ನಾಲ್ವರೂ ಮೇಲಿನದ್ದು ಬಡಿಸಿಕೊಂಡು ತಿಂದರು.

ಮೂರು ದಿನ ಒರಿನ್ ಆ ಹಾಳೆಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಿರುಗಿದ. ಕೋಣೆಗಳ ಸೂರಿನ ಹಿಮ ತಳ್ಳಿದ, ದೋಣಿಗೆ ಬಣ್ಣ ಬಳಿದ, ಯಾವುದರಲ್ಲೂ ಕೈ ಓಡಲಿಲ್ಲ. ಕಾನೂನು ಕಾನೂನೇ ಎಂದು ನಂಬಿ ಬಾಳಿದವನು ಅವನು. ಮಿತಿಗಿಂತ ಒಂದು ಮೀನು ಹೆಚ್ಚು ಹಿಡಿದಿದ್ದಕ್ಕೆ ಸ್ವಂತ ಷಡ್ಡಕನನ್ನೇ ಅರಣ್ಯದವರಿಗೆ ಹಿಡಿದುಕೊಟ್ಟಿದ್ದ. ಪ್ರಮಾಣ ಮಾಡಿ ಸುಳ್ಳು ಹೇಳಿದವಳನ್ನು ಬಿಡುವುದು ಹೇಗೆ? ಹೆಂಡತಿ ಪೈ ಕೊಟ್ಟಳೆಂದೇ? ನಾಲ್ಕನೆಯ ದಿನ, ಆಕ್ಷೇಪಣೆಯ ಗಡುವು ಮುಗಿಯಲು ಒಂದು ದಿನ ಉಳಿದಿರುವಾಗ, ರಾಜಧಾನಿ ಆಗಸ್ಟಾಕ್ಕೆ ಹೋಗಿ ಸಂಘದ ವಕೀಲನ ಮೇಜಿನ ಮೇಲೆ ಹಾಳೆ ಇಟ್ಟು, ಪೈ ಕಥೆಯನ್ನೂ ಹೇಳಿ ಬಂದ. ಲೋರ್ನಾಗೆ ಹೇಳಲಿಲ್ಲ.

ಹೇಳಿದ್ದು ಕೋರ್ಟಿನ ಸಮನ್ಸು. ವಾರದ ನಂತರ ಶೆರೀಫನ ಕಡೆಯವನೊಬ್ಬ ಕೆಸರಿನ ಬೂಟಿನಲ್ಲಿ ಬಂದು ಲೋರ್ನಾಳ ಕೈಗೆ ಕಾಗದ ಕೊಟ್ಟು, ಟೋಪಿ ಮುಟ್ಟಿ ಹೋದ. ಲೋರ್ನಾ ನಿಂತಲ್ಲೇ ಓದಿದಳು. ಈ ಸಲ ಕನ್ನಡಕ ಹಾಕಿಕೊಂಡೇ ಓದಿದಳು. ಆಮೇಲೆ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.

"ನೀನು ನನ್ನ ಹೆಸರು ಕೊಟ್ಟೆ," ಎಂದಳು.

"ಮನೆಯವರೇ ಆಗಿರಲಿ ಅಂತ ಎಲ್ಲರ ಮುಂದೆ ಹೇಳಿದ್ದೆ."

"ಹೇಳಿದ್ದೆ. ನಾನೂ ಚಪ್ಪಾಳೆ ತಟ್ಟಿದ್ದೆ. ಆದ್ರೆ ಒಂದು ಮಾತು ನಂಗೆ ಹೇಳಿ ಹೋಗ್ಬಹುದಿತ್ತು. ಅಡುಗೆಮನೆ ಇಷ್ಟು ಹತ್ರ ಇದೆ."

ಅಂದಿನಿಂದ ಲೋರ್ನಾ ಮೇಜಿಗೆ ಕೂರುವುದನ್ನು ಬಿಟ್ಟಳು. ಮೂವರಿಗೂ ಬಡಿಸುತ್ತಿದ್ದಳು, ಬಿಸಿಬಿಸಿಯಾಗಿಯೇ ಬಡಿಸುತ್ತಿದ್ದಳು. ತಾನು ಮಾತ್ರ ತಟ್ಟೆ ಹಿಡಿದು ಪಾತ್ರೆ ತೊಳೆಯುವ ಸಿಂಕಿನ ಹತ್ತಿರ ನಿಂತು, ಕಿಟಕಿಯ ಕಡೆ ಮುಖ ಮಾಡಿ ಉಣ್ಣುತ್ತಿದ್ದಳು. ಉಪ್ಪು ಬೇಕಾ ಎಂದರೆ ಬೇಕು, ಬೇಡ. ಅಷ್ಟೇ ಮಾತು.

"ಅಮ್ಮ, ಬಂದು ಕೂತ್ಕೋ. ಕಾಲು ನೋವಲ್ವಾ?" ಎಂದು ಕೆಂಡ್ರಾ ಎರಡು ವಾರವಾದ ಮೇಲೆ ಕೇಳಿದಳು.

"ಕೋರ್ಟಲ್ಲಿ ನಿಲ್ಲಬೇಕಲ್ಲ. ಅಭ್ಯಾಸ ಮಾಡ್ಕೋತಿದೀನಿ."

ಆರ್ಡಿತ್ ಮಾತ್ರ ಸೊಸೆಯ ಬೆನ್ನನ್ನೂ ಮಗನ ಮುಖವನ್ನೂ ನೋಡಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು.

ಏಪ್ರಿಲ್‌ನಲ್ಲಿ ವಿಚಾರಣೆ. ಒರಿನ್ ಟ್ರಕ್ಕು ಓಡಿಸಿದ, ಲೋರ್ನಾ ಪಕ್ಕದಲ್ಲಿ ಚರ್ಚಿನ ಕೋಟು ಹಾಕಿಕೊಂಡು ಕೂತಳು. ಎರಡೂವರೆ ಗಂಟೆಯ ದಾರಿಯಲ್ಲಿ ಅವಳು ಆಡಿದ್ದು ಒಂದೇ ಮಾತು: "ಕೇಳಿದ್ರೆ ನಿಜಾನೇ ಹೇಳ್ತೀನಿ. ಹೆದರಬೇಡ."

ಕೋರ್ಟು ಗೈಡುಗಳಿಂದ ತುಂಬಿಹೋಗಿತ್ತು. ಆ ಹುಡುಗಿ ಇನ್ನೊಂದು ಬದಿಯಲ್ಲಿ, ದೊಡ್ಡವರ ಕೋಟು ತೊಟ್ಟ ಹಾಗೆ ಕಾಣುತ್ತ ಕುಳಿತಿದ್ದಳು. ಈಗ ನೋಡು, ಕಣ್ಣು ಮಿಟುಕಿಸದೆ ಸುಳ್ಳು ಹೇಳ್ತಾಳೆ, ಎಂದು ಒರಿನ್ ಮನಸ್ಸಿನಲ್ಲೇ ಅಂದುಕೊಂಡ. ಹೇಳಲಿ ಎಂದು ಅವನು ಬೇಡುತ್ತಲೂ ಇದ್ದ. ಅವಳು ಹಾಗೆ ಹೇಳಿದರೆ ಅವನು ಮಾಡಿದ್ದೆಲ್ಲ ಸರಿಯಾಗುತ್ತಿತ್ತು.

ಸಂಘದ ವಕೀಲ ಹಾಳೆ ಎತ್ತಿ ಹಿಡಿದ. "ಈ ಹತ್ತೊಂಬತ್ತೂ ಸಹಿ ನಿಮ್ಮ ಕಣ್ಣೆದುರು ಬಿದ್ದವೇ?"

ಹುಡುಗಿ ಹಾಳೆ ನೋಡಿದಳು. ಅವಳ ಪಕ್ಷದ ವಕೀಲ ಏಳಲು ಹೊರಟ. ಅವನು ಎದ್ದು ಮುಗಿಯುವ ಮುಂಚೆಯೇ ಅವಳು ಹೇಳಿಬಿಟ್ಟಳು.

"ಇಲ್ಲ ಸರ್. ನಾನು ಒಲೆ ಹತ್ರ ಪೈ ತಿಂತಿದ್ದೆ."



"ಹಾಗಿದ್ದರೆ ಪ್ರಮಾಣ ಯಾಕೆ ಮಾಡಿದಿರಿ?"

"ಬಂದು ನೋಡಿದ್ರೆ ಹಾಳೆ ತುಂಬಿತ್ತು. ಖುಷಿಯಾಯ್ತು. ಆಮೇಲೆ ನೂರಾರು ಹಾಳೆ ಜೊತೆ ಅದಕ್ಕೂ ಸಹಿ ಹಾಕಿದೆ. ಬರೆದಿದ್ದನ್ನ ಆಗ ಸರಿಯಾಗಿ ಓದ್ಲಿಲ್ಲ. ತಪ್ಪು ನಂದು." ಅವಳು ಲೋರ್ನಾಳ ಕಡೆ ಬೆರಳು ಮಾಡಲಿಲ್ಲ, ತಿರುಗಿಯೂ ನೋಡಲಿಲ್ಲ. "ಮೇಜು ಬಿಟ್ಟಿದ್ದು ನಾನೇ. ಬೇರೆ ಯಾರದೂ ಏನೂ ಇಲ್ಲ."

ಲೋರ್ನಾ ಕರೆಯುವ ಮುಂಚೆಯೇ ಎದ್ದು ನಿಂತಳು. "ನಾನು ಕಳಿಸಿದ್ದು ಅವಳನ್ನ. ಚಳೀಲಿ ನಡುಗ್ತಿದ್ಲು."

"ಕುಳಿತುಕೊಳ್ಳಿ ಅಮ್ಮ, ನಿಮ್ಮ ಸರದಿ ಬರುತ್ತೆ," ಎಂದರು ನ್ಯಾಯಾಧೀಶರು. ಸರದಿ ಬಂದಾಗ ಅವರು ಕೇಳಿದ್ದು ಒಂದೇ. "ಜನ ಸಹಿ ಮಾಡುವಾಗ ಆ ಹಾಳೆ ಏನೆಂದು ನಿಮಗೆ ಗೊತ್ತಿತ್ತೇ?"

"ಇಲ್ಲ ಸ್ವಾಮಿ. ನಾನು ಅವಳ ಮೇಜು ನೋಡ್ಕೊಳ್ತಿದ್ದೆ. ಹಾಳೆ ನೋಡ್ಲಿಲ್ಲ."

ಹಿಂದಿನ ಬೆಂಚುಗಳು ನಕ್ಕವು. ಲೋರ್ನಾಳ ಕುತ್ತಿಗೆ ಕೆಂಪಾದದ್ದು ಒರಿನ್‌ಗೆ ಕಾಣಿಸಿತು. ನಕ್ಕವರಲ್ಲಿ ಡೆಲ್ಬರ್ಟ್ ಕ್ರಾಕೆಟ್ ಕೂಡ ಇದ್ದ. ಓದದೆ ಸಹಿ ಹಾಕಿದ ಅದೇ ಡೆಲ್ಬರ್ಟ್.

ತೀರ್ಪು ಎರಡು ದಿನದಲ್ಲಿ ಬಂತು. ಹತ್ತೊಂಬತ್ತೂ ರದ್ದಾದವು, ಐದು ಸಹಿ ಕೊರತೆಯಾಗಿ ಪ್ರಸ್ತಾವ ಸತ್ತಿತು. ಹುಡುಗಿಗೆ ದಂಡ ಹಾಕಿ, ಎಚ್ಚರಿಕೆ ಕೊಟ್ಟು ಬಿಟ್ಟರು. ಸಂಘದವರು ಒರಿನ್‌ನ ಬೆನ್ನು ತಟ್ಟಿ ತಟ್ಟಿ ನೋಯಿಸಿದರು. ಕೆಂಡ್ರಾ ಅಂಗಳದಲ್ಲಿ ಕುಣಿದಾಡಿ ಪೀಪಾಯಿಗಳನ್ನೆಲ್ಲ ಹೊಸದಾಗಿ ತೊಳೆದಳು.

ಮನೆಯೊಳಗೆ ಲೋರ್ನಾ ಸಿಂಕಿನ ಹತ್ತಿರವೇ ನಿಂತು ಊಟ ಮಾಡಿದಳು.

"ಗೆದ್ದೋರ ಮುಖ ಹೀಗಿರುತ್ತಾ?" ಎಂದಳು ಆರ್ಡಿತ್ ಮಗನಿಗೆ, ಸೊಸೆ ಬಟ್ಟೆ ಒಣಹಾಕಲು ಹೊರಹೋದಾಗ.

"ನಾನೇನು ತಪ್ಪು ಮಾಡಿದೆ ಅಮ್ಮ? ಹಾಳೆ ಸುಳ್ಳಾಗಿತ್ತು. ಬಿದ್ದಿದ್ದು ಸರಿ."

"ಸರಿ. ನಿನ್ನ ಕರಡಿ ಉಳೀತು. ಆ ಹುಡುಗಿ ನಿನ್ನ ಹೆಂಡತಿ ಹೆಸರು ಹೇಳ್ಲಿಲ್ಲ, ನೋಡಿದ್ಯಾ? ನೀನು ಹೇಳಿದೆ."

ಒರಿನ್ ಆ ದಿನ ಮಧ್ಯಾಹ್ನ ಊಟ ಮಾಡಲಿಲ್ಲ. ಆ ಮಾತು ಬೇಸಿಗೆ ಕಳೆದರೂ ತಲೆಯಿಂದ ಹೋಗಲಿಲ್ಲ. ಆಗಸ್ಟಿನಲ್ಲಿ ಐದೂ ಕೋಣೆ ತುಂಬಿದವು. ಲೋರ್ನಾ ಬಂದವರಿಗೆಲ್ಲ ಬೇಯಿಸಿ ಹಾಕಿದಳು. ಅಂಗಡಿಗೆ ಹೋದರೆ ಊರಿನವರು, "ಏನು ಲೋರ್ನಾ, ಇವತ್ತು ಎಲ್ಲಿ ಸಹಿ ಹಾಕ್ಬೇಕು ಹೇಳಮ್ಮಾ," ಎಂದು ಛೇಡಿಸುವರು. ಅವಳು ಸಕ್ಕರೆ, ಹಿಟ್ಟು ತೆಗೆದುಕೊಂಡು ಸುಮ್ಮನೆ ಬರುವಳು. ಮೊದಲಾಗಿದ್ದರೆ ಒಂದು ಮಾತಿಗೆ ಎರಡು ಕೊಟ್ಟು ಬರುತ್ತಿದ್ದಳು.

ನವೆಂಬರ್ ಬಂತು. ವೋಟಿನ ದಿನ ಬೆಳಿಗ್ಗೆ ಒರಿನ್ ಎಂಟು ಪೈಗಳನ್ನು ಸಭಾಂಗಣಕ್ಕೆ ಹೊತ್ತು ತಂದ. ಬಾಗಿಲು ದಾಟಿದವನು ಗಕ್ಕನೆ ನಿಂತ. ಬಾಗಿಲ ಪಕ್ಕದ ಮೇಜಿನ ಹಿಂದೆ, ಕಿವಿಮುಚ್ಚುವ ಟೋಪಿ ಹಾಕಿಕೊಂಡು, ಅದೇ ಅರ್ಜಿಯ ಹೊಸ ಹಾಳೆಗಳ ಕಟ್ಟು ಇಟ್ಟುಕೊಂಡು ಇಲೀಸ್ ಕೂತಿದ್ದಳು.

ಊರು ಊರೇ ಬೆಕ್ಕಸಬೆರಗಾಯಿತು. ಎಷ್ಟು ಧೈರ್ಯ ಇವಳಿಗೆ ಎಂದು ಪಿಸುಗುಟ್ಟುತ್ತ ಜನ ಅವಳ ಸುತ್ತ ಬಳಸಿ ಹಾದರು. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಬಾಗಿಲು ತೆರೆದಾಗಲೆಲ್ಲ ಗಾಳಿ ಅವಳ ಹಾಳೆಗಳನ್ನು ಎಬ್ಬಿಸುತ್ತಿತ್ತು, ಅವಳು ಎರಡೂ ಕೈಯಿಂದ ಒತ್ತಿ ಹಿಡಿಯುತ್ತಿದ್ದಳು. ಲೋರ್ನಾ ಪೈ ಮೇಜಿನ ಹಿಂದಿನಿಂದ ಅವಳನ್ನು ನೋಡುವುದು, ಚಾಕು ಎತ್ತುವುದು, ಇಡುವುದು ಮಾಡುತ್ತಿದ್ದಳು.

ಒರಿನ್ ಹೆಂಡತಿಯ ಎದುರು ಬಂದು ನಿಂತ. ಎರಡು ಡಾಲರ್ ಇಟ್ಟ. "ಒಂದು ತುಂಡು ಕೊಡು. ಬಿಸಿ ಇರೋದು."

ಲೋರ್ನಾ ಅವನ ಮುಖ ನೋಡಿದಳು, ಬಾಗಿಲ ಕಡೆ ನೋಡಿದಳು, ದೊಡ್ಡ ತುಂಡೇ ಕೊಯ್ದಳು.

ಅವನು ತಟ್ಟೆಯನ್ನು ಇಲೀಸಳ ಮುಂದಿಟ್ಟ. "ನಾನು ಇದಕ್ಕೆ ಸಹಿ ಹಾಕಲ್ಲ."

"ಗೊತ್ತು ಸರ್."

"ಮುಂದಿನ ವರ್ಷ ಇದು ಮತಕ್ಕೆ ಬಂದ್ರೆ ಮನೆಮನೆಗೆ ಹೋಗಿ ಸೋಲಿಸ್ತೀನಿ."

"ಅದೂ ಗೊತ್ತು."

"ಹಾಗಿದ್ರೆ ತಿನ್ನು. ಒಲೆ ಹತ್ರ ಹೋಗಿ ತಿನ್ನು."

ಹುಡುಗಿ ಕುರ್ಚಿಯ ಅಂಚು ಗಟ್ಟಿಯಾಗಿ ಹಿಡಿದಳು. "ಇಲ್ಲ ಸರ್. ಈ ಸಲ ಮೇಜು ಬಿಡಲ್ಲ."

ಲೋರ್ನಾ ಕೈ ಒರೆಸಿಕೊಳ್ಳುತ್ತ ಬಂದಳು. "ಹೋಗಮ್ಮ. ತುಟಿ ನೋಡು ಹೇಗಾಗಿದೆ. ಮೇಜು ಇವನು ನೋಡ್ಕೋತಾನೆ."

ಒರಿನ್ ಹೆಂಡತಿಯನ್ನು ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. ಎಂಟು ತಿಂಗಳಲ್ಲಿ ಅವಳು ಅವನನ್ನು ಹಾಗೆ ನೇರವಾಗಿ ನೋಡಿದ್ದು ಅದೇ ಮೊದಲು. ಹುಡುಗಿ ಇಬ್ಬರನ್ನೂ ನೋಡಿದಳು, ತುಂಬ ಹೊತ್ತು ಯೋಚಿಸಿದಳು, ಕೊನೆಗೆ ತಟ್ಟೆ ಎತ್ತಿಕೊಂಡು ಒಲೆಯ ಕಡೆ ನಡೆದಳು.

ಒರಿನ್ ಆ ಕುರ್ಚಿಯಲ್ಲಿ ಕುಳಿತ. ಗಾಳಿ ಮುಖಕ್ಕೇ ಹೊಡೆಯುತ್ತಿತ್ತು. ಹಾಳೆಗಳ ಮೇಲೆ ಒಂದು ಅಂಗೈ, ಪೆನ್ನಿನ ಮೇಲೆ ಇನ್ನೊಂದು ಅಂಗೈ ಇಟ್ಟ.

ಡೆಲ್ಬರ್ಟ್ ಕ್ರಾಕೆಟ್ ವೋಟು ಹಾಕಿ ಬರುತ್ತಿದ್ದ. ಒರಿನ್‌ನನ್ನು ಕಂಡು ಹಲ್ಲು ಕಿರಿದು, ಪೆನ್ನಿಗೆ ಕೈ ಚಾಚಿದ. "ಏನು ಒರಿನ್, ಇದು ನಮ್ದಾ? ಎಲ್ಲಿ ಹಾಕ್ಬೇಕು?"

ಒರಿನ್ ಪೆನ್ನು ಬಿಡಲಿಲ್ಲ. "ಪೆನ್ನು ಅವಳು ಬಂದ್ಮೇಲೆ," ಎಂದ. "ಮೊದಲು ಓದು."

"ನೀನೇ ಕೂತಿದೀಯಲ್ಲ, ಓದೋದೇನು?"

"ಕನ್ನಡಕ ಹಾಕ್ಕೋ ಡೆಲ್ಬರ್ಟ್. ಮೇಲಿಂದ ಕೆಳಗಿನ ತನಕ ಓದು."

ಡೆಲ್ಬರ್ಟ್ ಗೊಣಗುತ್ತ ಕಿಸೆ ತಡಕಿ ಕನ್ನಡಕ ತೆಗೆದ. ಅವನು ಓದಿ ಮುಗಿಸುವ ಹೊತ್ತಿಗೆ ಅವನ ಹಿಂದೆ ನಾಲ್ಕು ಜನ ಸಾಲುಗಟ್ಟಿದ್ದರು. ಪೈ ಮೇಜಿನಿಂದ ಲೋರ್ನಾ ಒಂದು ಕುರ್ಚಿ ಎಳೆದು ತಂದು ಒರಿನ್‌ನ ಪಕ್ಕಕ್ಕೆ ಹಾಕಿ, ಎರಡು ತಟ್ಟೆ ಇಟ್ಟು, ಕುಳಿತಳು.